ನಾಲ್ಕೇ ಜನ ಉಳಿದಿದ್ದ ಗುಡಿ

ಗಯೆಗೆ ನಾವು ಹೋಗಿದ್ದು ಅಪ್ಪನ ಪಿಂಡ ಹಾಕುವುದಕ್ಕೆ. ಬುದ್ಧನನ್ನು ನೋಡುವುದಕ್ಕಲ್ಲ. ಅಪ್ಪನ ವರ್ಷಾಂತಿಕ ಮುಗಿದು ಏಳು ತಿಂಗಳಾಗಿತ್ತು. ಗಯೆಯಲ್ಲಿ ಒಮ್ಮೆ ಮಾಡಿಬಿಡಬೇಕು ಅಂತ ಅಮ್ಮನಿಗೆ ಒಂದೇ ಹಟ. ಡಿಸೆಂಬರಿನಲ್ಲಿ ಅಣ್ಣನಿಗೆ ರಜೆ ಸಿಕ್ಕಿತು. ಅಮ್ಮ, ಅಣ್ಣ, ಅತ್ತಿಗೆ, ನಾನು ಹೊರಟೆವು.

ಎರಡು ದಿನ ವಿಷ್ಣುಪಾದ, ಫಲ್ಗು, ಅಕ್ಷಯವಟ ಅಂತ ಸುತ್ತಿದ್ದಾಯಿತು. ಅಕ್ಷಯವಟದ ಕೆಳಗೆ ಅಮ್ಮ ಒಂದು ಹಣ್ಣು ಬಿಟ್ಟರು. ಸೀತಾಫಲ. ಅದು ಅಪ್ಪನಿಗೆ ಪ್ರಾಣ. ನಾನೂ ಏನಾದರೂ ಬಿಡಬೇಕಾ ಅಂತ ಕೇಳಿದೆ. "ನಿನಗೇನೂ ಬೇಡ, ಸುಮ್ನಿರು" ಅಂದರು. ಮೂರನೇ ದಿನ ಬೆಳಿಗ್ಗೆ ಪುರೋಹಿತರು, "ಇವತ್ತು ಧರ್ಮಾರಣ್ಯ, ಮತಂಗವಾಪಿ, ಆಮೇಲೆ ಬೋಧಿವೃಕ್ಷ" ಅಂದರು. ನನಗೆ ಅರ್ಥವಾಗಲಿಲ್ಲ. ಬೋಧಿವೃಕ್ಷಕ್ಕೂ ಅಪ್ಪನ ಪಿಂಡಕ್ಕೂ ಏನು ಸಂಬಂಧ? ಗಯಾಮಾಹಾತ್ಮ್ಯದಲ್ಲೇ ಆ ಮರದ ಹೆಸರಿದೆ, ಗಯೆಯ ಶ್ರಾದ್ಧವನ್ನು ಪೂರ್ತಿ ಮಾಡುವವರು ಅಲ್ಲಿಗೂ ಹೋಗಿ ನಮಸ್ಕಾರ ಮಾಡಬೇಕು ಅಂತ ಅವರೇ ಹೇಳಿದರು.

ನಮ್ಮ ಮನೆಯಲ್ಲಿ ಬುದ್ಧ ಅಂದರೆ ದಶಾವತಾರದ ಪಟದಲ್ಲಿ ಒಂಬತ್ತನೆಯವನು. ಕೃಷ್ಣ ಆದ ಮೇಲೆ, ಕಲ್ಕಿಗೆ ಮುಂಚೆ. ಅವನ ಕತೆ ಯಾರೂ ಹೇಳುತ್ತಿರಲಿಲ್ಲ. ಉಳಿದದ್ದು ಶಾಲೆಯ ಪಾಠದಲ್ಲಿ ಓದಿದ್ದು. ಲುಂಬಿನಿ, ಸಾರನಾಥ, ಅರಳಿ ಮರ, ಅಷ್ಟೇ.

ಗಯೆಯಿಂದ ಬೋಧಗಯೆಗೆ ಹದಿಮೂರು ಕಿಲೋಮೀಟರ್ ಇರಬಹುದು. ಮಂಜು ಎಷ್ಟಿತ್ತೆಂದರೆ ಆಟೋದವನು ಅರ್ಧ ದಾರಿ ಹಾರ್ನ್ ಮೇಲೇ ಓಡಿಸಿದ. ಎಡಕ್ಕೆ ನದಿಯಿದೆ ಅಂತ ಅಣ್ಣ ತೋರಿಸಿದ. ಕಂಡಿದ್ದು ಬರೀ ಮರಳು. ಮೇಲೆ ಬೋಧಗಯೆಯ ಹತ್ತಿರ ಅದರ ಹೆಸರು ನಿರಂಜನಾ. ಮೋಹನಾ ನದಿ ಬಂದು ಸೇರಿದ ಮೇಲೆ ಫಲ್ಗು. ಸಿದ್ಧಾರ್ಥ ಉಪವಾಸ ಬಿಟ್ಟು ಸುಜಾತೆಯ ಕೈಯಿಂದ ಪಾಯಸ ತಿಂದದ್ದು ಈ ನದಿಯ ದಡದಲ್ಲಿ. ಅಪ್ಪನಿಗೆ ನಾವು ಎಳ್ಳುನೀರು ಬಿಟ್ಟಿದ್ದೂ ಇದೇ ನದಿಯಲ್ಲಿ. ಶಾಪದಿಂದ ಒಣಗಿದ ನದಿ, ಮರಳು ಕೆದಕಿದರೆ ನೀರು ಬರುತ್ತದೆ.

ಮಹಾಬೋಧಿ ಗುಡಿಯ ಒಳಗೆ ಹೋಗುವ ಮುಂಚೆ ಫೋನ್ ಲಾಕರ್‌ನಲ್ಲಿ ಇಡಬೇಕು. ಟೋಕನ್ ಕೊಡುತ್ತಾರೆ. 2013ರ ಜುಲೈ 7ರಂದು ಇಲ್ಲಿ ಸಾಲಾಗಿ ಬಾಂಬ್ ಸಿಡಿದವು. ಇಬ್ಬರು ಭಿಕ್ಷುಗಳಿಗೆ ಗಾಯವಾಗಿತ್ತು. ಆಮೇಲೆ ಕಾವಲು ಬಿಗಿಯಾಯಿತು. ಫೋನ್ ಇಲ್ಲದ್ದು ಮೊದಲು ಕಿರಿಕಿರಿ ಅನ್ನಿಸಿತು. ಹತ್ತು ನಿಮಿಷ ಆದ ಮೇಲೆ, ಇಷ್ಟು ಜನ ಇದ್ದೂ ಒಬ್ಬರೂ ಕೈ ಮೇಲೆತ್ತಿ ಫೋಟೋ ತೆಗೆಯುತ್ತಿಲ್ಲವಲ್ಲ ಅನ್ನುವುದು ಗಮನಕ್ಕೆ ಬಂತು. ಇದನ್ನು ನಮ್ಮ ಎಲ್ಲ ದೇವಸ್ಥಾನಗಳಲ್ಲೂ ಮಾಡಿದರೆ ಒಳ್ಳೆಯದು. ಬಾಂಬ್ ಇಲ್ಲದೆಯೇ.

ನಮ್ಮ ಕಡೆ ದೇವರನ್ನು ನೋಡಲು ಮೆಟ್ಟಿಲು ಹತ್ತುತ್ತೇವೆ. ಇಲ್ಲಿ ಇಳಿಯಬೇಕು. ಸುತ್ತಲಿನ ನೆಲಕ್ಕಿಂತ ಗುಡಿ ಸುಮಾರು 5 ಮೀಟರ್ ಕೆಳಗಿದೆ. ಶಿಖರ ಮಾತ್ರ 55 ಮೀಟರ್ ಎತ್ತರ, ಮಂಜಿನಲ್ಲಿ ಅದರ ತುದಿ ಕಾಣುತ್ತಿರಲಿಲ್ಲ. ತುದಿಗೆ ಚಿನ್ನದ ಹೊದಿಕೆ ಇದೆ. 2013ರ ಕೊನೆಗೆ ಥಾಯ್ಲೆಂಡಿನಿಂದ ಬಂದ ಸುಮಾರು 290 ಕೆಜಿ ಚಿನ್ನ. ಆ ದಿನ ನಮಗೆ ಅದರ ಒಂದು ಮಿಣುಕೂ ಕಾಣಲಿಲ್ಲ. ಮೊದಲು ಕಂಡದ್ದು ಕಾಲ ಕೆಳಗಿನ ಮೆಟ್ಟಿಲು, ಆಮೇಲೆ ಬಾಗಿಲು. ಅದಕ್ಕೂ ಮುಂಚೆ ಕೇಳಿದ್ದು ಮಂತ್ರ.

ಮಂತ್ರ ಅಂದರೆ ಒಂದೇ ಕಡೆಯಿಂದ ಬರುವ ಮಂತ್ರವಲ್ಲ. ಪ್ರತಿವರ್ಷ ಡಿಸೆಂಬರಿನ ಮೊದಲ ದಿನಗಳಲ್ಲಿ ಇಲ್ಲಿ ಬೌದ್ಧರ ಮೂಲಗ್ರಂಥವಾದ ತ್ರಿಪಿಟಕದ ಪಾರಾಯಣ ನಡೆಯುತ್ತದೆ. 2006ರಿಂದ ಶುರುವಾದದ್ದು. ಶ್ರೀಲಂಕಾ, ಬರ್ಮಾ, ಥಾಯ್ಲೆಂಡ್, ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂ ಕಡೆಯ ಭಿಕ್ಷುಗಳು ಬೇರೆ ಬೇರೆ ಚಪ್ಪರಗಳಲ್ಲಿ ಕೂತು ಓದುತ್ತಾರೆ. ಭಾಷೆ ಒಂದೇ, ಪಾಲಿ. "ನಮೋ ತಸ್ಸ ಭಗವತೋ ಅರಹತೋ ಸಮ್ಮಾ ಸಂಬುದ್ಧಸ್ಸ" ಅನ್ನುವ ಒಂದೇ ಸಾಲು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ವಿಷ್ಣುಸಹಸ್ರನಾಮವನ್ನು ತಮಿಳರು ಹೇಳುವುದಕ್ಕೂ ನಾವು ಹೇಳುವುದಕ್ಕೂ ವ್ಯತ್ಯಾಸ ಇದೆಯಲ್ಲ, ಹಾಗೆ. ಬರ್ಮಾದವರ ಉಚ್ಚಾರಣೆಯಂತೂ ನನಗೆ ಪಾಲಿ ಅಂತಲೇ ಅನ್ನಿಸಲಿಲ್ಲ.

ಅಣ್ಣ ಮತ್ತು ಪುರೋಹಿತರು ತೆಂಕಣ ಬದಿಯ ಕೊಳದ ಕಡೆ ಹೋದರು. ಅಲ್ಲಿ ಒಂದು ಮೂಲೆಯಲ್ಲಿ ಕೂತು ಹಿಟ್ಟು ಕಲಸಿದರು. ಸುತ್ತ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತ ಬಿಳಿಯರು, ಮಧ್ಯೆ ಪಂಚೆ ಉಟ್ಟು ಚಳಿಯಲ್ಲಿ ನಡುಗುತ್ತಾ ಕಪ್ಪೆಳ್ಳು ಹಾಕುತ್ತಿರುವ ನಮ್ಮಣ್ಣ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಜುಗರ ಆದದ್ದು ನನಗೆ ಮಾತ್ರ. ಇಂಥ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಪಾತ್ರ ಕಡಿಮೆ. ಎರಡು ದಿನದಿಂದ ನಾನು ಮಾಡಿದ್ದು ಚಪ್ಪಲಿ ಕಾಯುವುದು, ಚೀಲ ಹಿಡಿಯುವುದು. ಹಾಗಾಗಿ ನೋಡುವುದಕ್ಕೆ ಬೇಕಾದಷ್ಟು ಹೊತ್ತಿತ್ತು.

ಕೊಳದ ಮಧ್ಯೆ ಬುದ್ಧನ ಮೂರ್ತಿ. ತಲೆಯ ಮೇಲೆ ಹೆಡೆಯೆತ್ತಿದ ಸರ್ಪ. ಜ್ಞಾನೋದಯವಾಗಿ ಆರನೇ ವಾರ ಮಳೆಗಾಳಿ ಬಂದಾಗ ಮುಚಲಿಂದ ಅನ್ನುವ ನಾಗರಾಜ ಅವನಿಗೆ ಹೆಡೆಯ ಕೊಡೆ ಹಿಡಿದ ಅನ್ನುವುದು ಕತೆ. ಅಮ್ಮನಿಗೆ ನಾನು ಈ ಕತೆ ಹೇಳುವ ಮೊದಲೇ ಅವರು ಕೈಮುಗಿದಾಗಿತ್ತು. "ಅರಳಿಕಟ್ಟೆ ಇದ್ದ ಮೇಲೆ ನಾಗಪ್ಪ ಇರಲೇಬೇಕಲ್ಲ" ಅಂದರು. ನಮ್ಮ ಊರಿನ ಕಟ್ಟೆಯಲ್ಲಿ ಮರ, ಕೆಳಗೆ ನಾಗರಕಲ್ಲು. ಇಲ್ಲಿಯೂ ಮರ, ನಾಗ. ನಡುವೆ ಒಬ್ಬ ಮನುಷ್ಯ ಕೂತಿದ್ದಾನೆ, ಅಷ್ಟೇ ವ್ಯತ್ಯಾಸ. ಅಮ್ಮನ ಲೆಕ್ಕ ಸರಿಯಾಗಿಯೇ ಇತ್ತು.

ಜ್ಞಾನೋದಯದ ನಂತರ ಬುದ್ಧ ಏಳು ವಾರ ಇಲ್ಲೇ ಆಸುಪಾಸಿನಲ್ಲಿ ಕಳೆದ ಅಂತ ನಂಬಿಕೆ. ಒಂದೊಂದು ವಾರಕ್ಕೂ ಆವರಣದಲ್ಲಿ ಒಂದೊಂದು ಜಾಗ ಗುರುತು ಮಾಡಿದ್ದಾರೆ. ಮೊದಲ ವಾರ ಮರದ ಕೆಳಗೆ. ಎರಡನೇ ವಾರ ಕಣ್ಣು ಮಿಟುಕಿಸದೆ ಮರವನ್ನೇ ನೋಡುತ್ತಾ ನಿಂತ ಜಾಗ, ಅನಿಮೇಷಲೋಚನ. ಮೂರನೇ ವಾರ ಅತ್ತಿಂದಿತ್ತ ನಡೆದಾಡಿದ ಜಾಗ. ಅಲ್ಲಿ ಉದ್ದನೆಯ ಕಟ್ಟೆಯ ಮೇಲೆ ಹೆಜ್ಜೆಗೊಂದರಂತೆ ಕಲ್ಲಿನ ಕಮಲ ಇಟ್ಟಿದ್ದಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎರಡನೆಯದು. ದೊಡ್ಡದೊಂದು ಸಿಕ್ಕಿದ ಮೇಲೆ, ಸಿಗಲು ನೆರಳು ಕೊಟ್ಟ ಮರದ ಮುಂದೆ ಒಂದು ವಾರ ಸುಮ್ಮನೆ ನಿಂತಿರುವುದು.

ಮರ ಗುಡಿಯ ಹಿಂದಿದೆ, ಪಡುವಣಕ್ಕೆ. ಅರಳಿ ಮರ, ನಮ್ಮ ಊರಿನದ್ದರ ಹಾಗೆಯೇ. ಕೊಂಬೆಗಳಿಗೆ ಕಬ್ಬಿಣದ ಆಸರೆ ಕೊಟ್ಟಿದ್ದಾರೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ಅದರ ಆರೋಗ್ಯ ನೋಡುತ್ತಾರೆ. ಎಲೆ ಕೀಳುವಂತಿಲ್ಲ. ಬಿದ್ದರೆ ಹೆಕ್ಕಿಕೊಳ್ಳಬಹುದು. ಗಾಳಿ ಬಂದು ಒಂದು ಎಲೆ ಉದುರಿದರೆ ಸಾಕು, ಧ್ಯಾನದಲ್ಲಿದ್ದವರೂ ಎದ್ದು ಓಡುತ್ತಾರೆ. ಅದನ್ನು ನೋಡಿ ಅತ್ತಿಗೆಗೆ ನಗು ತಡೆಯಲಾಗಲಿಲ್ಲ.

ಮರಕ್ಕೂ ಗುಡಿಯ ಗೋಡೆಗೂ ಮಧ್ಯೆ ನುಣ್ಣನೆಯ ಮರಳುಗಲ್ಲಿನ ಒಂದು ಹಾಸು ಇದೆ. ವಜ್ರಾಸನ. ಅಶೋಕನ ಕಾಲದ್ದು. ಇಡೀ ಆವರಣದಲ್ಲಿ ಕಣ್ಣಿಗೆ ಕಾಣುವ ಅತಿ ಹಳೆಯ ವಸ್ತುಗಳಲ್ಲಿ ಅದೂ ಒಂದು. ಅದರ ನಂತರದ್ದು ಕಲ್ಲಿನ ಕಟಕಟೆ. ಒಂದಷ್ಟು ಕಂಬಗಳು ಕ್ರಿ.ಪೂ. ಎರಡನೇ ಅಥವಾ ಒಂದನೇ ಶತಮಾನದವು, ಇನ್ನಷ್ಟು ಗುಪ್ತರ ಕಾಲದವು. ಮೂಲ ಕಂಬಗಳಲ್ಲಿ ಹಲವು ಈಗ ಮ್ಯೂಸಿಯಂನಲ್ಲಿವೆ. ಹಳೆಯ ಕಂಬಗಳ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ. "ಆರ್ಯೆ ಕುರಂಗಿಯ ದಾನ." ಅಶೋಕನ ಹೆಸರು ಎಲ್ಲರಿಗೂ ಗೊತ್ತು. ಕುರಂಗಿ ಯಾರಿಗೆ ಗೊತ್ತು? ಒಬ್ಬ ಹೆಂಗಸು, ಒಂದು ಕಂಬ ಕೊಟ್ಟು ತೃಪ್ತಿಯಾಗದೆ ಇನ್ನೊಂದು, ಮತ್ತೊಂದು ಅಂತ ಕೊಡುತ್ತಲೇ ಹೋಗಿದ್ದಾಳೆ. ಎರಡು ಸಾವಿರ ವರ್ಷ ಆದ ಮೇಲೂ ಅವಳ ಹೆಸರು ಕಲ್ಲಿನಲ್ಲಿ ಉಳಿದಿದೆ. ನಮ್ಮ ಗುಡಿಗಳಲ್ಲಿ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆಸುವುದನ್ನು ನಾನು ಯಾವತ್ತೂ ಆಡಿಕೊಳ್ಳುತ್ತಿದ್ದೆ. ಇನ್ನು ಮೇಲೆ ಸ್ವಲ್ಪ ಕಡಿಮೆ ಆಡಿಕೊಳ್ಳಬೇಕು.

ಈಗ ಕಾಣುವ ಇಟ್ಟಿಗೆಯ ಗುಡಿ ಐದಾರನೇ ಶತಮಾನದ್ದು ಅನ್ನುತ್ತಾರೆ. ಆದರೆ ಕಾಣುವುದೆಲ್ಲ ಆ ಕಾಲದ್ದಲ್ಲ. ಈ ಗುಡಿಯ ಕತೆ ಎಂದರೆ ಬೀಳುವುದು, ಯಾರೋ ಬಂದು ಎತ್ತಿ ನಿಲ್ಲಿಸುವುದು, ಮತ್ತೆ ಬೀಳುವುದು. ಎತ್ತಿ ನಿಲ್ಲಿಸಿದವರು ಜಾಸ್ತಿ ಜನ ದೂರದವರು.

ಮೊದಲು ಬಂದದ್ದು ಲಂಕೆಯವರು. ನಾಲ್ಕನೇ ಶತಮಾನದಲ್ಲಿ ಲಂಕೆಯಿಂದ ಇಲ್ಲಿಗೆ ಬಂದ ಇಬ್ಬರು ಭಿಕ್ಷುಗಳಿಗೆ ಉಳಿಯಲು ಜಾಗ ಸಿಗಲಿಲ್ಲವಂತೆ. ವಾಪಸು ಹೋಗಿ ರಾಜನ ಹತ್ತಿರ ದೂರಿದರು. ರಾಜ ಮೇಘವರ್ಣ ರತ್ನಗಳನ್ನು ಕಾಣಿಕೆ ಕಳಿಸಿ, ನಮ್ಮವರಿಗೆ ಅಲ್ಲೊಂದು ವಿಹಾರ ಕಟ್ಟಲು ಅಪ್ಪಣೆ ಕೊಡಿ ಅಂತ ಸಮುದ್ರಗುಪ್ತನನ್ನು ಕೇಳಿದ. ಸಮುದ್ರಗುಪ್ತ ಒಪ್ಪಿದ. ಏಳನೇ ಶತಮಾನದಲ್ಲಿ ಚೀನಾದ ಹ್ಯುಯೆನ್ ತ್ಸಾಂಗ್ ಬಂದಾಗ ಆ ವಿಹಾರದಲ್ಲಿ ಸಾವಿರದ ಹತ್ತಿರ ಭಿಕ್ಷುಗಳಿದ್ದರು. ಎಲ್ಲ ಶುರುವಾದದ್ದು ರೂಮು ಸಿಗದೆ. ಡಿಸೆಂಬರಿನಲ್ಲಿ ಬೋಧಗಯೆಯಲ್ಲಿ ಒಂದು ಲಾಡ್ಜೂ ಸಿಗದೆ ಗಯೆಯಲ್ಲೇ ಉಳಿದಿದ್ದ ನಮಗೆ ಆ ಇಬ್ಬರು ಭಿಕ್ಷುಗಳ ಕಷ್ಟ ಚೆನ್ನಾಗಿ ಅರ್ಥವಾಯಿತು.

ಹ್ಯುಯೆನ್ ತ್ಸಾಂಗ್ ಇನ್ನೊಂದು ಕತೆ ಬರೆದಿಟ್ಟಿದ್ದಾನೆ. ಗೌಡದೇಶದ ರಾಜ ಶಶಾಂಕ ಈ ಮರವನ್ನು ಕಡಿಸಿದ, ಬೇರು ಅಗೆಸಿ ಬೆಂಕಿ ಇಡಿಸಿದ, ಮತ್ತೆ ಚಿಗುರಬಾರದು ಅಂತ ಕಬ್ಬಿನ ಹಾಲು ಸುರಿಸಿದ. ಆಮೇಲೆ ಮಗಧದ ಪೂರ್ಣವರ್ಮ ಬಂದು ಸಾವಿರ ಹಸುಗಳ ಹಾಲು ಎರೆಸಿದಾಗ ಒಂದೇ ರಾತ್ರಿಯಲ್ಲಿ ಚಿಗುರಿತು. ಒಂದು ಹಾಲು ಕೊಂದಿತು, ಇನ್ನೊಂದು ಹಾಲು ಬದುಕಿಸಿತು. ಇದು ಕನ್ನಡದಲ್ಲಿ ಮಾತ್ರ ಹೀಗೆ ಕೂಡಿಬರುತ್ತದೆ. ಕತೆಯಲ್ಲಿ ಎಷ್ಟು ನಿಜ, ಎಷ್ಟು ಭಕ್ತಿ ಅನ್ನುವುದರ ಬಗ್ಗೆ ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ.

ಅದೇ ಶಶಾಂಕ ಗರ್ಭಗುಡಿಯ ಬುದ್ಧನನ್ನು ತೆಗೆದು ಮಹೇಶ್ವರನನ್ನು ಇಡು ಅಂತ ತನ್ನ ಅಧಿಕಾರಿಗೆ ಹೇಳಿದನಂತೆ. ಅಧಿಕಾರಿಗೆ ಎರಡೂ ಕಡೆ ಭಯ. ವಿಗ್ರಹ ಒಡೆದರೆ ಪಾಪ, ಒಡೆಯದಿದ್ದರೆ ತಲೆ ಹೋಗುತ್ತದೆ. ಅವನು ಬುದ್ಧನ ಮುಂದೆ ಒಂದು ಇಟ್ಟಿಗೆಯ ಗೋಡೆ ಕಟ್ಟಿಸಿದ. ಒಳಗೆ ಕತ್ತಲಾಗುತ್ತದಲ್ಲ ಅಂತ ಒಂದು ದೀಪ ಹಚ್ಚಿಟ್ಟ. ಗೋಡೆಯ ಹೊರಮೈ ಮೇಲೆ ಮಹೇಶ್ವರನ ಚಿತ್ರ ಬರೆಸಿದ. ರಾಜ ಸತ್ತ ಮೇಲೆ ಗೋಡೆ ಒಡೆದಾಗ ದೀಪ ಇನ್ನೂ ಉರಿಯುತ್ತಿತ್ತು ಅನ್ನುತ್ತದೆ ಕತೆ. ದೀಪದ ಮಾತು ಬಿಡಿ. ಆ ಹೆಸರಿಲ್ಲದ ಅಧಿಕಾರಿ ನನಗೆ ತುಂಬಾ ಹತ್ತಿರದವನು ಅನ್ನಿಸಿದ. ಸರ್ಕಾರಿ ಕೆಲಸದಲ್ಲಿ ಇದ್ದವರಿಗೆಲ್ಲ ಅನ್ನಿಸೀತು. ಆದೇಶ ಪಾಲಿಸಿದ ಹಾಗೂ ಆಯಿತು, ಕೆಲಸ ಮಾಡದೆ ಇದ್ದ ಹಾಗೂ ಆಯಿತು.

ವಿಚಿತ್ರ ಅಂದರೆ, ಆರುನೂರು ವರ್ಷದ ಮೇಲೆ ಹೆಚ್ಚುಕಡಿಮೆ ಇದೇ ಗೋಡೆ ಇನ್ನೊಮ್ಮೆ ಬರುತ್ತದೆ. 1234ರ ಹೊತ್ತಿಗೆ ಧರ್ಮಸ್ವಾಮಿ ಅನ್ನುವ ಟಿಬೆಟ್ಟಿನ ಭಿಕ್ಷು ಇಲ್ಲಿಗೆ ಬಂದ. ಆಗ ಮಗಧದಲ್ಲಿ ತುರುಕರ ದಂಡಿನ ಭಯ. ಊರು ಖಾಲಿ. ಸಾವಿರಾರು ಜನ ಇದ್ದ ಜಾಗದಲ್ಲಿ ನಾಲ್ಕೇ ನಾಲ್ಕು ಭಿಕ್ಷುಗಳಿದ್ದರು. ಅವರು ಗರ್ಭಗುಡಿಯ ಬುದ್ಧನ ಮುಂದೆ ಇಟ್ಟಿಗೆ ಕಟ್ಟಿ, ಗಾರೆ ಮೆತ್ತಿ ಮುಚ್ಚಿದ್ದರು. ಹತ್ತಿರ ಬದಲಿಗೆ ಇನ್ನೊಂದು ವಿಗ್ರಹ ಇಟ್ಟಿದ್ದರು. ಹೊರಬಾಗಿಲಿನ ಗಾರೆಯ ಮೇಲೆ ಮಹೇಶ್ವರನ ಚಿತ್ರ ಬರೆದಿದ್ದರು. ಇಲ್ಲಿ ಇರಬೇಡ, ಓಡಿಹೋಗು ಅಂತ ಧರ್ಮಸ್ವಾಮಿಗೂ ಹೇಳಿದರು. ಅವನು ಓಡಿಹೋದ. ದಂಡು ಸರಿದ ಮೇಲೆ ವಾಪಸು ಬಂದು ನೋಡಬೇಕಾದದ್ದನ್ನೆಲ್ಲ ನೋಡಿಯೇ ಹೋದ.

ಮನೆಗೆ ಬಂದ ಮೇಲೆ ನಾನು ಜಾಸ್ತಿ ನೆನಪಿಸಿಕೊಂಡದ್ದು ಈ ನಾಲ್ವರನ್ನು. ಬುದ್ಧನನ್ನೂ ಅಲ್ಲ, ಅಶೋಕನನ್ನೂ ಅಲ್ಲ. ಎಲ್ಲರೂ ಹೋದ ಮೇಲೆ ಉಳಿದವರು. ಬೆಳಿಗ್ಗೆ ಎದ್ದು ಆ ನಾಲ್ವರು ಏನು ಮಾಡುತ್ತಿದ್ದರು? ಗೋಡೆಯ ಹಿಂದೆ ಇದ್ದ ಬುದ್ಧನಿಗೆ ದೀಪ ತೋರಿಸುತ್ತಿದ್ದರಾ? ಊಟಕ್ಕೆ ಏನಿತ್ತು? ಧರ್ಮಸ್ವಾಮಿ ಅವರ ಬಗ್ಗೆ ಬರೆದ ಎರಡು ಸಾಲಿನಲ್ಲಿ ಇದೆಲ್ಲ ಸಿಗುವುದಿಲ್ಲ. ಅಪ್ಪ ಹೋದ ಮೊದಲ ತಿಂಗಳು ನಮ್ಮ ಮನೆಯಲ್ಲಿ ಅಮ್ಮ ಎರಡು ಲೋಟ ಕಾಫಿ ಸೋಸುತ್ತಿದ್ದರು. ಒಂದು ಸುಮ್ಮನೆ ಆರುತ್ತಿತ್ತು. ಯಾಕೋ ಇವೆರಡೂ ನನ್ನ ತಲೆಯಲ್ಲಿ ಒಟ್ಟಿಗೆ ಬರುತ್ತವೆ.

ಅದಕ್ಕೆ ಮುಂಚೆಯೂ ಆಮೇಲೂ ರಿಪೇರಿಗೆ ಬಂದದ್ದು ಬರ್ಮಾದವರು. ಪಗಾನಿನ ರಾಜ ಚಾನ್ಸಿತ್ಥ ಹನ್ನೊಂದನೇ ಶತಮಾನದ ಕೊನೆಯ ಹೊತ್ತಿಗೆ ಜನ ಕಳಿಸಿದ್ದ. ಹದಿಮೂರನೇ ಶತಮಾನದ ಕೊನೆಗೆ ಬರ್ಮಾದವರು ಮತ್ತೆ ಬಂದು ದುರಸ್ತಿ ಮಾಡಿದ್ದಕ್ಕೆ ಬರ್ಮೀಸ್ ಭಾಷೆಯ ಶಾಸನವೇ ಇದೆ. ಇಲ್ಲಿಗೆ ಬಂದವರು ಗುಡಿಯ ಆಕಾರವನ್ನು ಕಣ್ಣಲ್ಲಿ ತುಂಬಿಕೊಂಡು ಹೋಗಿ ತಮ್ಮ ಊರಲ್ಲಿ ಕಟ್ಟಿದರು. ಪಗಾನಿನಲ್ಲಿ ಒಂದು ಮಹಾಬೋಧಿ ಇದೆ. ಥಾಯ್ಲೆಂಡಿನ ಚಿಯಾಂಗ್ ಮೈಯಲ್ಲಿದೆ, ನೇಪಾಳದ ಪಾಟನ್‌ನಲ್ಲಿದೆ, ಬೀಜಿಂಗ್‌ನಲ್ಲೂ ಇದೆ. ಮೂಲ ಗುಡಿ ಗಿಡಗಂಟಿ ಬೆಳೆದು ಕುಸಿಯುತ್ತಿದ್ದಾಗ ಅದರ ನಕಲುಗಳು ನೆಟ್ಟಗೆ ನಿಂತಿದ್ದವು.

ಇನ್ನು ನಮಗೆ ಗೊತ್ತಿರುವ ಒಬ್ಬ ಮನುಷ್ಯ. ಟಿಪ್ಪು ಸತ್ತ ಮರುವರ್ಷ ಮೈಸೂರು, ಕೆನರಾ ಎಲ್ಲ ಸುತ್ತಿ ನಮ್ಮ ಹೊಲ, ಬೆಳೆ, ಜಾತಿಗಳ ಲೆಕ್ಕ ಬರೆದ ಫ್ರಾನ್ಸಿಸ್ ಬುಕಾನನ್. ಅವನೇ 1811ರಲ್ಲಿ ಬೋಧಗಯೆಗೂ ಬಂದಿದ್ದ. ಗುಡಿ ಹಾಳುಬಿದ್ದಿತ್ತು, ಮರ ಮಾತ್ರ ಚೆನ್ನಾಗಿ ಬೆಳೆದಿತ್ತು. ಐವತ್ತು ವರ್ಷದ ನಂತರ ಪುರಾತತ್ವಜ್ಞ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ ಬರುವಷ್ಟರಲ್ಲಿ ಮರವೂ ಒಣಗತೊಡಗಿತ್ತು. 1876ರ ಒಂದು ಬಿರುಗಾಳಿಗೆ ಉಳಿದ ಭಾಗವೂ ಬಿದ್ದುಹೋಯಿತು. ಅದರ ಬೀಜಗಳನ್ನು ಮೊದಲೇ ಎತ್ತಿಟ್ಟಿದ್ದರು. ಕನಿಂಗ್‌ಹ್ಯಾಮ್ ನೆಡಿಸಿದ ಸಸಿಯೇ ಈಗಿನ ಮರ, 1881ರದ್ದು ಅನ್ನುತ್ತಾರೆ. ಅಂದರೆ ಬುದ್ಧ ಕೂತಿದ್ದ ಮರದ ಮಗನ ಮಗನ ಮಗ. ಅಶೋಕನ ಮಗಳು ಸಂಘಮಿತ್ತೆ ಲಂಕೆಯ ಅನುರಾಧಪುರಕ್ಕೆ ಒಯ್ದ ಕೊಂಬೆ ಇದಕ್ಕಿಂತ ಎಷ್ಟೋ ಹಿರಿಯದು, ಅದು ಇನ್ನೂ ಅಲ್ಲಿ ಮರವಾಗಿ ನಿಂತಿದೆ. ತವರಿನಲ್ಲಿ ಇದ್ದವರಿಗಿಂತ ಕೊಟ್ಟ ಮನೆಗೆ ಹೋದವಳೇ ಗಟ್ಟಿ.

1870ರ ದಶಕದಲ್ಲಿ ಬರ್ಮಾದ ರಾಜ ಮಿಂಡಾನ್ ಕಳಿಸಿದ ಜನ ರಿಪೇರಿ ಶುರುಮಾಡಿದರು. ಭಕ್ತಿ ಜಾಸ್ತಿ, ಹಳೆಯದನ್ನು ಉಳಿಸುವ ತಾಳ್ಮೆ ಕಡಿಮೆ. ಅದನ್ನು ಪರೀಕ್ಷಿಸಲು ಸರ್ಕಾರ ಕಲ್ಕತ್ತೆಯ ವಿದ್ವಾಂಸ ರಾಜೇಂದ್ರಲಾಲ್ ಮಿತ್ರರನ್ನು ಕಳಿಸಿತು. ಕೊನೆಗೆ ಬ್ರಿಟಿಷರೇ ಕೈಹಾಕಿದರು. 1880ರ ದಶಕದಲ್ಲಿ ಬೆಗ್ಲರ್ ಅನ್ನುವ ಎಂಜಿನಿಯರ್ ಮುಂದೆ ನಿಂತು ಕಟ್ಟಿಸಿದ. ಬಿದ್ದುಹೋದ ಭಾಗ ಹೇಗಿತ್ತು ಅಂತ ತಿಳಿಯುವುದು ಹೇಗೆ? ಅವಶೇಷಗಳಲ್ಲಿ ಗುಡಿಯದೇ ಒಂದು ಪುಟ್ಟ ಕಲ್ಲಿನ ಮಾದರಿ ಸಿಕ್ಕಿತ್ತು. ಅದನ್ನು ನೋಡಿಕೊಂಡು ಕಟ್ಟಿದರು. ಯಾರೋ ಭಕ್ತರು ಶತಮಾನಗಳ ಹಿಂದೆ ಕೆತ್ತಿಸಿದ್ದ ಆಟಿಕೆಯಂಥ ಗುಡಿ ದೊಡ್ಡ ಗುಡಿಗೆ ನಕ್ಷೆಯಾಯಿತು.

ಜಗಳದ ಕತೆಯನ್ನೂ ಹೇಳಬೇಕು, ಚಿಕ್ಕದಾಗಿ. ಬೌದ್ಧರು ಯಾರೂ ಇಲ್ಲದ ಕಾಲದಲ್ಲಿ, 1590ರ ಸುಮಾರಿಗೆ, ಗಿರಿ ಪಂಥದ ಶೈವ ಸನ್ಯಾಸಿಗಳು ಇಲ್ಲಿ ಮಠ ಕಟ್ಟಿಕೊಂಡರು. ಜಾಗ ಅವರ ಕೈಗೆ ಬಂತು. ಗುಡಿಯ ಎದುರಿನ ಸಣ್ಣ ಗುಡಿಯಲ್ಲಿ ಬುದ್ಧನ ಮೂರ್ತಿಗಳಿಗೆ ಪಂಚಪಾಂಡವರು ಅಂತ ಹೆಸರಿಟ್ಟು ಪೂಜೆ ನಡೆಯಿತು. ಅಮ್ಮ ಅಲ್ಲಿಯೂ ಕೈಮುಗಿದರು, ಐದೂ ಮಂದಿಗೆ ಬೇರೆ ಬೇರೆಯಾಗಿ. 1891ರ ಜನವರಿಯಲ್ಲಿ ಕೊಲಂಬೊದ ಅನಾಗಾರಿಕ ಧರ್ಮಪಾಲ ಬಂದರು. ಇಪ್ಪತ್ತಾರು ವರ್ಷದ ಹುಡುಗ. ವಜ್ರಾಸನಕ್ಕೆ ಹಣೆ ಮುಟ್ಟಿಸಿದವರು, ಇದನ್ನು ಬಿಟ್ಟು ಹೋಗುವುದಿಲ್ಲ ಅಂತ ನಿರ್ಧರಿಸಿದರು. ಅದೇ ವರ್ಷ ಮಹಾಬೋಧಿ ಸೊಸೈಟಿ ಕಟ್ಟಿದರು. 1895ರ ಫೆಬ್ರವರಿಯಲ್ಲಿ ಜಪಾನಿನಿಂದ ಬಂದ ಬುದ್ಧನ ವಿಗ್ರಹವನ್ನು ಮೇಲಿನ ಅಂತಸ್ತಿನಲ್ಲಿಟ್ಟರು. ಆ ಶೈವ ಮಠದ ಮುಖ್ಯಸ್ಥರಾದ ಮಹಂತರ ಕಡೆಯವರು ಬಂದು ಅದನ್ನು ಎತ್ತಿ ಅಂಗಳಕ್ಕೆ ತಂದಿಟ್ಟರು. ಕೇಸಾಯಿತು. ಕೆಳಗಿನ ಕೋರ್ಟಿನಲ್ಲಿ ಧರ್ಮಪಾಲರ ಕಡೆ ತೀರ್ಪು, ಕಲ್ಕತ್ತಾ ಹೈಕೋರ್ಟಿನಲ್ಲಿ ಅದು ತಿರುಗಿತು. 1933ರಲ್ಲಿ ಅವರು ಸಾರನಾಥದಲ್ಲಿ ತೀರಿಕೊಂಡಾಗಲೂ ಗುಡಿ ಮಹಂತರದ್ದೇ.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಬಿಹಾರ ಸರ್ಕಾರ ಒಂದು ಕಾಯ್ದೆ ತಂದಿತು. ಗುಡಿಯ ಆಡಳಿತಕ್ಕೆ ಒಂದು ಸಮಿತಿ. ಅದರಲ್ಲಿ ನಾಲ್ಕು ಹಿಂದೂಗಳು, ನಾಲ್ಕು ಬೌದ್ಧರು, ಮೇಲೆ ಅಧ್ಯಕ್ಷರಾಗಿ ಗಯೆಯ ಜಿಲ್ಲಾಧಿಕಾರಿ. ಆ ಜಿಲ್ಲಾಧಿಕಾರಿ ಹಿಂದೂ ಆಗಿರಲೇಬೇಕು ಅನ್ನುವ ಮಾತು ಹೋದದ್ದು 2013ರ ತಿದ್ದುಪಡಿಯಲ್ಲಿ. ಸಮಿತಿಯ ಕೈಗೆ ಗುಡಿ ಬಂದದ್ದು 1953ರ ಮೇ ತಿಂಗಳಲ್ಲಿ. 2002ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. 2025ರ ಫೆಬ್ರವರಿಯಲ್ಲಿ ಭಿಕ್ಷುಗಳು ಈ ಕಾಯ್ದೆ ರದ್ದಾಗಲಿ, ಆಡಳಿತ ಪೂರ್ತಿ ನಮಗೆ ಬಿಡಿ ಅಂತ ಉಪವಾಸ ಕೂತರು. ನನ್ನನ್ನು ಕೇಳಿದರೆ ಅವರ ಮಾತು ಸರಿ. ಬೇರೆ ಯಾವ ಧರ್ಮದ ಅತಿ ದೊಡ್ಡ ಜಾಗದಲ್ಲಿ ಅರ್ಧ ಸಮಿತಿ ಇನ್ನೊಬ್ಬರದ್ದಾಗಿರುತ್ತದೆ? ಇದನ್ನು ಬರೆಯುತ್ತಿರುವುದು, ಆ ಗುಡಿಯ ಕೊಳದ ಪಕ್ಕ ಅಪ್ಪನಿಗೆ ಪಿಂಡ ಹಾಕಿಸಿ ಬಂದವಳು ಅನ್ನುವುದೂ ನನಗೆ ಗೊತ್ತಿದೆ. ಆಡಳಿತ ಅವರದ್ದಾದರೆ ನಮ್ಮಂಥವರನ್ನು ಒಳಗೆ ಬಿಡುತ್ತಾರಾ ಅಂತ ಅಣ್ಣ ಕೇಳಿದ. ಬಿಟ್ಟಾರು ಅನ್ನಿಸುತ್ತದೆ. ಬಿಡದಿದ್ದರೆ ಹೊರಗೆ ನಿಂತು ಮರಕ್ಕೆ ಕೈಮುಗಿದು ಬಂದರಾಯಿತು.

ಈ ಲೆಕ್ಕಾಚಾರವೆಲ್ಲ ಹೊರಗಿನದ್ದು. ಒಳಗೆ ಜನ ಅವರವರ ಕೆಲಸದಲ್ಲಿದ್ದರು. ಹುಲ್ಲಿನ ಮೇಲೆ ಸಾಲಾಗಿ ಮರದ ಹಲಗೆಗಳು. ಟಿಬೆಟ್ಟಿನ ಲಾಮಾಗಳು, ಅಜ್ಜಿಯರು, ಒಂದಿಬ್ಬರು ಯುರೋಪಿನವರು ಅದರ ಮೇಲೆ ಉದ್ದಂಡ ನಮಸ್ಕಾರ ಹಾಕುತ್ತಿದ್ದರು. ಕೈಗೆ ಬಟ್ಟೆಯ ಗವಸು. ನಿಲ್ಲುವುದು, ಜಾರುವುದು, ಏಳುವುದು. ಕೈ ಜಾರಿ ಜಾರಿ ಹಲಗೆಯ ಮಧ್ಯೆ ಎರಡು ಗೆರೆ ನುಣುಪಾಗಿ ಹೊಳೆಯುತ್ತಿದ್ದವು. ನಮ್ಮ ಮಾತು ಕೇಳಿ ಒಬ್ಬ ಹುಡುಗ ಲಾಮಾ ತಿರುಗಿ ನೋಡಿದ. "ಅಕ್ಕ, ಬೆಂಗಳೂರಾ?" ಅಂದ. ಅಪ್ಪಟ ಕನ್ನಡ. ಬೈಲಕುಪ್ಪೆಯವನು. ಹುಟ್ಟಿದ್ದೂ ಅಲ್ಲೇ. ಅಮ್ಮನಿಗಂತೂ ನೆಂಟರು ಸಿಕ್ಕಿದಷ್ಟು ಖುಷಿ.

"ಎಷ್ಟು ನಮಸ್ಕಾರ ಹಾಕ್ಬೇಕಪ್ಪ?" ಅಂತ ಅಮ್ಮ ಕೇಳಿದರು.

"ಒಂದು ಲಕ್ಷ, ಅಮ್ಮ. ದಿನಾ ಎರಡು ಸಾವಿರದ ಹತ್ರ ಹಾಕ್ತೀನಿ. ಮೊದಲನೇ ವಾರ ಮಂಡಿ ನೋವು. ಆಮೇಲೆ ಗೊತ್ತಾಗಲ್ಲ."

"ಏನು ಬೇಡ್ಕೋತೀಯ?"

ಅವನು ನಕ್ಕ. "ನನಗೆ ಅಂತ ಬೇಡೋ ಹಾಗಿಲ್ಲ. ಎಲ್ಲರಿಗೂ ಅಂತ ಹಾಕೋದು. ಅಪ್ಪ ಅಮ್ಮ, ಶತ್ರು, ನಾಯಿ, ಇರುವೆ, ಎಲ್ಲರೂ ನನ್ನ ಜೊತೇಲೇ ನಮಸ್ಕಾರ ಹಾಕ್ತಿದ್ದಾರೆ ಅಂತ ಅಂದ್ಕೋಬೇಕು."

ಬೆಣ್ಣೆದೀಪದ ಹೊಗೆಯಿಂದ ಮರಕ್ಕೂ ಗುಡಿಗೂ ತೊಂದರೆ ಅಂತ ದೀಪ ಹಚ್ಚಲು ಈಗ ಬೇರೆ ಗಾಜಿನ ಮನೆ ಕಟ್ಟಿದ್ದಾರೆ, ಅದನ್ನು ನೋಡಿಕೊಂಡು ಹೋಗಿ ಅಂತ ಅವನೇ ದಾರಿ ತೋರಿಸಿದ. ನಾವು ಗರ್ಭಗುಡಿಗೂ ಹೋದೆವು. ಪಾಲರ ಕಾಲದ ಬುದ್ಧ, ಮೈಗೆಲ್ಲ ಚಿನ್ನದ ಬಣ್ಣ, ಬಲಗೈ ಬೆರಳು ನೆಲ ಮುಟ್ಟುತ್ತಿದೆ. ಮಾರ ಬಂದು ನಿನ್ನ ಪುಣ್ಯಕ್ಕೆ ಸಾಕ್ಷಿ ಯಾರು ಅಂದಾಗ ಭೂಮಿಯನ್ನು ಕರೆದದ್ದು. ನೂಕುನುಗ್ಗಲಿನಲ್ಲಿ ಅರ್ಧ ನಿಮಿಷ ನಿಲ್ಲಲು ಸಿಕ್ಕಿತು. ತಿರುಪತಿಗಿಂತ ವಾಸಿ.

ಅಣ್ಣನ ಕೆಲಸ ಮುಗಿದಿರಲಿಲ್ಲ. ಅಮ್ಮ ಮರಕ್ಕೆ ಪ್ರದಕ್ಷಿಣೆ ಹಾಕಿದರು, ಶನಿವಾರ ನಮ್ಮ ಕಟ್ಟೆಗೆ ಹಾಕುವ ಹಾಗೆಯೇ, ಬಾಯಲ್ಲಿ ಅದೇ ಅಶ್ವತ್ಥ ಸ್ತೋತ್ರ. ಏಳನೇ ಸುತ್ತಿಗೆ ಕಾಲು ನೋವು ಬಂದು ಕಟಕಟೆಯ ಬದಿಗೆ ಒಂದು ಚಾಪೆಯ ತುದಿಯಲ್ಲಿ ಕೂತರು. ಚಾಪೆ ಬರ್ಮಾದವರದ್ದು. ಒಬ್ಬ ಭಿಕ್ಷು, ಅವರ ಮುಂದೆ ಏಳೆಂಟು ಜನ. ಅಮ್ಮನ ವಯಸ್ಸಿನ ಒಬ್ಬ ಹೆಂಗಸು ಸರಿದು ಜಾಗ ಮಾಡಿಕೊಟ್ಟರು. ಕೆನ್ನೆಗೆ ಗಂಧದಂಥದ್ದನ್ನು ಬಳಿದುಕೊಂಡಿದ್ದರು. ಅಮ್ಮ ಅದನ್ನೇ ನೋಡುತ್ತಿದ್ದರು.

ಭಿಕ್ಷು ಓದಲು ಶುರುಮಾಡಿದರು. ಆ ಹೆಂಗಸು ಒಂದು ಪುಟ್ಟ ಹೂಜಿಯಿಂದ ಬಟ್ಟಲಿಗೆ ನೀರು ಬಿಡತೊಡಗಿದರು. ಸಣ್ಣ ಧಾರೆ, ಕಡಿಯದ ಹಾಗೆ. ಮಂತ್ರ ಮುಗಿಯುವವರೆಗೂ ನೀರು ಮುಗಿಯಬಾರದು. ಕೈ ನಡುಗುತ್ತಿತ್ತು. ಪಕ್ಕದಲ್ಲಿದ್ದ ಹುಡುಗಿ ಅವರ ಮೊಣಕೈ ಹಿಡಿದುಕೊಂಡಳು.

"ತರ್ಪಣ ಬಿಡ್ತಿದ್ದಾರೆ ಅಲ್ವಾ?" ಅಮ್ಮ ಪಿಸುಗುಟ್ಟಿದರು.

ಹೌದು ಅಂದೆ. ಮಾಡಿದ ಪುಣ್ಯವನ್ನು ಹೋದವರಿಗೆ ಹಂಚುವುದಕ್ಕೆ ಹೀಗೆ ನೀರು ಎರೆಯುತ್ತಾರೆ, ಆಮೇಲೆ ಅದನ್ನು ಮಣ್ಣಿಗೆ ಬಿಡುತ್ತಾರೆ, ಬರ್ಮಾ, ಥಾಯ್ಲೆಂಡ್ ಕಡೆಯೆಲ್ಲ ಇದು ಇದೆ ಅಂತ ನನಗೆ ಗೊತ್ತಿದ್ದಷ್ಟು ಹೇಳಿದೆ.

"ಹೆಂಗಸರೂ ಬಿಡಬಹುದಾ?"

ನಾನು ಉತ್ತರ ಕೊಡಲಿಲ್ಲ. ಕಣ್ಣ ಮುಂದೆಯೇ ಬಿಡುತ್ತಿದ್ದರಲ್ಲ.

ಓದು ಮುಗಿಯಿತು. ಆ ಹೆಂಗಸು ಬಟ್ಟಲು ಎತ್ತಿಕೊಂಡು ಎದ್ದರು. ಬೋಧಿವೃಕ್ಷಕ್ಕೆ ಬೇಲಿ ಇದೆ, ಹತ್ತಿರ ಬಿಡುವುದಿಲ್ಲ. ಆಚೆ ಹೂವಿನ ಪಾತಿಯ ಕಡೆ ಹೊರಟರು. ಎರಡು ಹೆಜ್ಜೆ ಹೋದವರು ತಿರುಗಿ ಅಮ್ಮನನ್ನು ನೋಡಿದರು. ಬೊಟ್ಟಿಲ್ಲದ ಹಣೆ ಕಂಡಿತೋ, ಕೊಳದ ಬದಿಯಲ್ಲಿ ಅಣ್ಣ ಕೂತದ್ದನ್ನು ಮೊದಲೇ ನೋಡಿದ್ದರೋ. ಏನೋ ಹೇಳಿದರು, ನಮಗೆ ತಿಳಿಯಲಿಲ್ಲ. ಬಟ್ಟಲನ್ನು ಅಮ್ಮನ ಕಡೆ ಚಾಚಿದರು.

ಅಮ್ಮ ನನ್ನನ್ನು ನೋಡಲಿಲ್ಲ. ಎದ್ದು ಹೋಗಿ ಬಟ್ಟಲಿಗೆ ಕೈ ಕೊಟ್ಟರು. ಇಬ್ಬರೂ ಸೇರಿ ಒಂದು ಗಿಡದ ಬುಡಕ್ಕೆ ಆ ನೀರು ಬಿಟ್ಟರು.

ವಾಪಸು ಬರುವಾಗ ಆಟೋದಲ್ಲಿ ಅಣ್ಣ ಪುರೋಹಿತರ ದಕ್ಷಿಣೆಯ ಲೆಕ್ಕ ಹೇಳುತ್ತಿದ್ದ. ಮಂಜು ಕರಗಿ ಶಿಖರದ ತುದಿ ಹಿಂದೆ ಕಾಣುತ್ತಿತ್ತು. ಅಮ್ಮ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು.

"ಅವರಿಗೆ ಯಾರು ಹೋಗಿದ್ದಂತೆ?"

"ಗೊತ್ತಿಲ್ಲಮ್ಮ. ಕೇಳಲಿಲ್ಲ."

"ಕೇಳಬೇಕಿತ್ತು" ಅಂದರು.